‘ಆಯ್ತು’ ಅಂದ್ರೆ ಏನಾಯ್ತು? ಐಸ್ಕಸಿ ಸ್ಟೇಟಸ್ ಓದುವ ಬಗೆ

ಕೊಟ್ಟಾರದ ನಮ್ಮ ಮನೆಯ ಬಾವಿ ಪಂಪು ಕಳೆದ ಆಟಿ ತಿಂಗಳಲ್ಲಿ ಕೆಟ್ಟಿತು. ಹೊರಗೆ ಧೋ ಮಳೆ, ಒಳಗೆ ನಳ್ಳಿಯಲ್ಲಿ ನೀರಿಲ್ಲ. ರಿಪೇರಿಯವರಿಗೆ ಬೆಳಿಗ್ಗೆ ಫೋನ್ ಮಾಡಿದೆ. “ಆಯ್ತಕ್ಕ” ಅಂದರು. ಸಂಜೆ ಆಫೀಸಿನಿಂದ ಬಂದು ನಳ್ಳಿ ತಿರುಗಿಸಿದರೆ ಬರೀ ಗಾಳಿ. ಮತ್ತೆ ಫೋನ್ ಮಾಡಿ, “ಆಯ್ತು ಅಂದಿದ್ರಲ್ಲ?” ಅಂತ ಕೇಳಿದೆ. “ಹೌದಕ್ಕ, ನೀವು ಹೇಳಿದ್ದು ಕೇಳಿಸ್ತು ಅಂತ ಆಯ್ತು ಅಂದದ್ದು. ನಾಳೆ ಬರ್ತೇನೆ.”

ಅವರದ್ದು ತಪ್ಪಲ್ಲ. ನಮ್ಮ ಭಾಷೆಯ ‘ಆಯ್ತು’ವೇ ಹಾಗೆ. ಕೇಳಿಸಿತು, ಒಪ್ಪಿದೆ, ಮುಗಿಸಿದೆ, ಮೂರಕ್ಕೂ ಒಂದೇ ಮಾತು. ನನ್ನ ಹೊಟ್ಟೆಪಾಡೂ ಇದೇ ಮಾತಿನ ಮೇಲೆ ನಿಂತಿದೆ. ಮಂಗಳೂರಿನಲ್ಲೇ ಕೂತು ಹದಿನಾಲ್ಕು ವರ್ಷದಿಂದ ಸ್ಟೋರೇಜ್ ಟೆಸ್ಟಿಂಗ್ ಮಾಡುತ್ತಿದ್ದೇನೆ. ನೆಟ್‌ವರ್ಕಿನ ಆಚೆ ಇರುವ ಡಿಸ್ಕು “ಆಯ್ತು” ಅಂದಾಗ ಏನಾಯ್ತು ಅಂತ ಕಂಡುಹಿಡಿಯುವುದೇ ನನ್ನ ಕೆಲಸ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಇದನ್ನು ವಾರಗಟ್ಟಲೆ ಹೇಳಿಕೊಟ್ಟೆ. ಕೊನೆಗೆ ಅವಳೇ “ಅಕ್ಕ, ಒಮ್ಮೆ ಬರೆದಿಡಿ” ಅಂದಳು. ಅದೇ ಇದು. ಐಸ್ಕಸಿ ಇನಿಶಿಯೇಟರ್ ಬರೆಯುವವರಿಗೆ, ಪರೀಕ್ಷೆ ಮಾಡುವವರಿಗೆ, ಅಥವಾ ನೆಟ್‌ವರ್ಕಿನ ಮಾತುಕತೆ ಹಿಡಿದಿಟ್ಟ ಕ್ಯಾಪ್ಚರ್ ಫೈಲ್ ಎದುರು ಮಂಡೆಬಿಸಿ ಮಾಡಿಕೊಂಡು ಕೂತವರಿಗೆ ಉಪಯೋಗಕ್ಕೆ ಬಂದೀತು.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕಸಿ ಅಂದರೆ ಡಿಸ್ಕಿನ ಜೊತೆ ಮಾತಾಡುವ ಹಳೇ ಭಾಷೆ. ಅದನ್ನು ಟಿಸಿಪಿ ಮೇಲೆ ಹೊತ್ತೊಯ್ಯುವುದು ಐಸ್ಕಸಿ. ಕೇಳುವವ ಇನಿಶಿಯೇಟರ್, ಕೊಡುವವ ಟಾರ್ಗೆಟ್. ಪೋರ್ಟ್ 3260. ಇಂಟರ್ನೆಟ್ಟಿನ ನಿಯಮಗಳನ್ನು ನಂಬರ್ ಹಾಕಿ ಬರೆದಿಟ್ಟ ದಾಖಲೆಗಳಿಗೆ ಆರ್‌ಎಫ್‌ಸಿ ಅಂತ ಹೆಸರು. ನಿಯಮಗಳೆಲ್ಲ ಮೊದಲು ಬಂದದ್ದು 2004ರ ಆರ್‌ಎಫ್‌ಸಿ 3720ರಲ್ಲಿ. ಅದರಲ್ಲಿ ಅಸ್ಪಷ್ಟ ಇದ್ದದ್ದನ್ನು ಬಿಡಿಸಿ ಹೇಳಲಿಕ್ಕೆಂದೇ 2007ರಲ್ಲಿ 5048 ಬಂತು. 2014ರಲ್ಲಿ ಎಲ್ಲವನ್ನೂ ಒಟ್ಟು ಸೇರಿಸಿ 7143 ಮಾಡಿದರು. ಇವತ್ತು ಓದಬೇಕಾದ್ದು 7143. ಆದರೆ ಹಳೆಯದನ್ನು ಬಿಸಾಡಬೇಡಿ. ನಿಮ್ಮೆದುರಿನ ಟಾರ್ಗೆಟ್ಟನ್ನು 2006ರಲ್ಲಿ ಯಾರೋ 3720 ಓದಿ ಬರೆದಿರಬಹುದು. ಒಂದು ವಾಕ್ಯ ಗೊಂದಲ ಅನಿಸಿದರೆ ಎರಡರಲ್ಲೂ ಅದೇ ಭಾಗ ತೆಗೆದು ಪಕ್ಕಪಕ್ಕ ಇಡಿ. ಹಳೆಯದರ 10.4 ಹೊಸದರಲ್ಲಿ 11.4, ಹಳೆಯ 10.7 ಇಲ್ಲಿ 11.7. ಹುಡುಕುವುದು ಕಷ್ಟ ಇಲ್ಲ.

ನಾಲ್ಕು ಬೈಟಿನ ಪಾಠ

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ಆಗ ನಾವು ಒಂದು ಚಿಕ್ಕ ಸಾಧನಕ್ಕೆ ಸ್ವಂತ ಇನಿಶಿಯೇಟರ್ ಬರೆಯುತ್ತಿದ್ದೆವು. ಸ್ಟೇಟಸ್ ನೋಡುವ ಭಾಗ ನನ್ನದು. ಪರೀಕ್ಷೆಗೆ ಇಟ್ಟ ಟಾರ್ಗೆಟ್ಟಿಗೆ ದೊಡ್ಡ ಫೈಲ್ ಬರೆದೆವು. ಲಾಗಿನಲ್ಲಿ ಎಲ್ಲ ಗುಡ್, ಗುಡ್, ಗುಡ್. ವಾಪಸ್ ಓದಿದರೆ ಫೈಲಿನ ನಡುವೆ ಒಂದಷ್ಟು ಜಾಗ ಬರೀ ಸೊನ್ನೆ. ಎರಡು ದಿನ ಡಿಸ್ಕನ್ನು ಬೈದೆ. ಆಮೇಲೆ ನೆಟ್‌ವರ್ಕಿನಲ್ಲಿ ಹೋದದ್ದನ್ನು ಹಿಡಿದು ತೋರಿಸುವ ವೈರ್‌ಶಾರ್ಕಿನಲ್ಲಿ ಆ ಜಾಗದ ಉತ್ತರ ತೆಗೆದೆ. ಮೊದಲ ನಾಲ್ಕು ಬೈಟ್ ಹೀಗಿತ್ತು:

21 80 01 00

ಸರಿಯಾದ ಉತ್ತರ ಹೀಗಿರುತ್ತದೆ:

21 80 00 00

21 ಅಂದರೆ ಇದು ಸ್ಕಸಿ ರೆಸ್ಪಾನ್ಸ್ ಪಿಡಿಯು. ಪಿಡಿಯು ಅಂದರೆ ಐಸ್ಕಸಿಯ ಒಂದು ಸಂದೇಶ. ಎರಡನೆಯದು ಫ್ಲ್ಯಾಗ್‌ಗಳು. ಮೂರನೆಯದು ರೆಸ್ಪಾನ್ಸ್ ಕೋಡ್. ನಾಲ್ಕನೆಯದು ಸ್ಟೇಟಸ್. ನನ್ನ ಕೋಡು ನಾಲ್ಕನೆಯದನ್ನು ಮಾತ್ರ ನೋಡುತ್ತಿತ್ತು. ಅಲ್ಲಿ 00, ಅಂದರೆ ಗುಡ್. ಆದರೆ ಮೂರನೆಯದು 01, ಅಂದರೆ ‘ಟಾರ್ಗೆಟ್ ಫೇಲ್ಯೂರ್’. ಕಮಾಂಡ್ ನಡೆದೇ ಇಲ್ಲ! ರೆಸ್ಪಾನ್ಸ್ ಸೊನ್ನೆ ಅಲ್ಲದಿದ್ದರೆ ಸ್ಟೇಟಸ್‌ಗೂ ಫ್ಲ್ಯಾಗ್‌ಗೂ ಅರ್ಥವೇ ಇಲ್ಲ ಅಂತ 3720ರಲ್ಲೇ ಬರೆದಿದೆ. ನಾನು ಆ ಸಾಲನ್ನು ಓದಿದ್ದೆ ಕೂಡ. ಸ್ಟೇಟಸ್‌ಗಳ ಪಟ್ಟಿ ಕಣ್ಣಿಗೆ ಬಿದ್ದ ಕೂಡಲೇ ಅದು ಮರೆತುಹೋಗಿತ್ತು.

ಇಲ್ಲಿ ‘ಆಯ್ತು’ ಮೂರು ಥರ ಇದೆ ನೋಡಿ. ಟಿಸಿಪಿಯ ಅಕ್ನಾಲೆಜ್‌ಮೆಂಟ್ ಹೇಳುವುದು “ಕೇಳಿಸ್ತು” ಅಂತ, ಅಷ್ಟೇ. ರೆಸ್ಪಾನ್ಸ್ ಕೋಡ್ 00 ಹೇಳುವುದು “ಡಿಸ್ಕಿಗೆ ಮುಟ್ಟಿಸಿದೆ, ಅದು ಏನೋ ಒಂದು ಉತ್ತರ ಕೊಟ್ಟಿದೆ” ಅಂತ. ಸ್ಟೇಟಸ್ 00 ಹೇಳುವುದು “ಕೆಲಸ ಆಗಿದೆ” ಅಂತ. ಮೇಲಿನದ್ದು ಸರಿ ಇದ್ದರೆ ಮಾತ್ರ ಕೆಳಗಿನದ್ದನ್ನು ನಂಬಬೇಕು. ಲಿನಕ್ಸ್ ಕರ್ನಲ್ಲಿನ ಲಿಬ್‌ಐಸ್ಕಸಿ ಕೋಡು ತೆರೆದು ನೋಡಿ. ರೆಸ್ಪಾನ್ಸ್ 00 ಅಲ್ಲ ಅಂತಾದರೆ ಅದು ಸ್ಟೇಟಸ್ಸನ್ನು ಬದಿಗಿಟ್ಟು ನೇರವಾಗಿ ಎರರ್ ಕೊಡುತ್ತದೆ. ಅದನ್ನು ಮೊದಲೇ ನೋಡಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು.

ಹಾಗಾಗಿ ಮೊದಲ ಅಭ್ಯಾಸ: ಒಂದು ಫೀಲ್ಡಿನ ಬೆಲೆ ನೋಡುವ ಮೊದಲು, ಈ ಫೀಲ್ಡಿಗೆ ಈಗ ಬೆಲೆ ಇದೆಯಾ ಅಂತ ಕೇಳಿಕೊಳ್ಳಿ. ನಾನು ನೋಡುವ ಕ್ರಮ ಇದು. ಯಾವ ಪಿಡಿಯು? ರೆಸ್ಪಾನ್ಸ್ ಆಗಿದ್ದರೆ ಕೋಡ್ ಏನು? ಡೇಟಾ-ಇನ್ (ಓದಿದ ಡೇಟಾ ಹೊತ್ತು ತರುವ ಪಿಡಿಯು) ಆಗಿದ್ದರೆ ಎಸ್ ಬಿಟ್ (ಸ್ಟೇಟಸ್ ಜೊತೆಗಿದೆ ಅನ್ನುವ ಗುರುತು) ಇದೆಯಾ? ಆಮೇಲೆ ಸ್ಟೇಟಸ್. ಆಮೇಲೆ ಓವರ್‌ಫ್ಲೋ, ಅಂಡರ್‌ಫ್ಲೋ ಬಿಟ್‌ಗಳು. ಡೇಟಾ ಕೇಳಿದ್ದಕ್ಕಿಂತ ಹೆಚ್ಚೋ ಕಡಿಮೆಯೋ ಅಂತ ಹೇಳುವುದು ಅವು. ಅವು ಇದ್ದರೆ ಮಾತ್ರ ರೆಸಿಡ್ಯುಅಲ್ ಕೌಂಟ್, ಅಂದರೆ ಉಳಿಕೆ ಎಷ್ಟು ಅನ್ನುವ ಸಂಖ್ಯೆ. ಕೊನೆಗೆ ಸೆನ್ಸ್ ಡೇಟಾ, ಅಂದರೆ ಏನು ತಪ್ಪಾಯಿತು ಅನ್ನುವ ವಿವರ. ಈ ಕ್ರಮ ತಪ್ಪಿಸಿ ನೋಡಿದ ದಿನ ಎಂತದಾದರೂ ಒಂದು ಎಡವಟ್ಟು ಆಗಿಯೇ ಆಗುತ್ತದೆ.

ಒಂದು ವಾಕ್ಯ ಸಾಕಾಗದಿದ್ದರೆ ಇನ್ನೊಂದನ್ನು ಹುಡುಕಿ

ಆರ್‌ಎಫ್‌ಸಿಗಳಲ್ಲಿ ದೊಡ್ಡಕ್ಷರದಲ್ಲಿ ಬರೆದ ‘ಮಸ್ಟ್’, ‘ಶುಡ್’, ‘ಮೇ’ ಪದಗಳಿಗೆ ತೂಕ ಉಂಟು. ಮಸ್ಟ್ ಅಂದರೆ ಮಾಡಲೇಬೇಕು. ಶುಡ್ ಅಂದರೆ ಗಟ್ಟಿ ಕಾರಣ ಇಲ್ಲದೆ ತಪ್ಪಿಸಬಾರದು. ಮೇ ಅಂದರೆ ಅವರವರ ಇಷ್ಟ. ಇದು 1997ರ ಆರ್‌ಎಫ್‌ಸಿ 2119ರ ಲೆಕ್ಕ. ತೊಂದರೆ ಬರುವುದು ಸಣ್ಣಕ್ಷರದಲ್ಲಿ ‘ಕ್ಯಾನ್’ ಅಂತ ಬರೆದಾಗ. ಅದು ಅನುಮತಿಯಾ, ಮಿತಿಯಾ, ಸುಮ್ನೆ ಮಾತಾ?

ಒಂದು ನಿಜವಾದ ಉದಾಹರಣೆ. ಓದುವ ಕಮಾಂಡಿಗೆ ಟಾರ್ಗೆಟ್ ಡೇಟಾ-ಇನ್ ಪಿಡಿಯುಗಳನ್ನು ಕಳಿಸುತ್ತದೆ. ಕೊನೆಯ ತುಂಡಿನ ಜೊತೆಗೇ ಸ್ಟೇಟಸ್ಸನ್ನೂ ಕಟ್ಟಿ ಕಳಿಸಬಹುದು. ಆಗ ಬೇರೆ ರೆಸ್ಪಾನ್ಸ್ ಬೇಡ, ಒಂದು ಪಿಡಿಯು ಉಳಿಯಿತು. ಹಾಗೆ ಕಟ್ಟಿದ್ದಕ್ಕೆ ಗುರುತು ಎಸ್ ಬಿಟ್. ಕಮಾಂಡು ತೊಂದರೆ ಇಲ್ಲದೆ ಮುಗಿದಿದ್ದರೆ, ಅಂದರೆ ಗುಡ್‌ನಂಥ ಸ್ಟೇಟಸ್ ಇದ್ದರೆ, ಹೀಗೆ ಜೊತೆಗೆ ಬರಬಹುದು ಅಂತ ವಾಕ್ಯ ಇದೆ. ಅಲ್ಲಿರುವುದು ಅದೇ ಸಣ್ಣ ‘ಕ್ಯಾನ್’. ಹಾಗಾದರೆ ಚೆಕ್ ಕಂಡಿಷನ್, ಅಂದರೆ ಏನೋ ತಪ್ಪಾಗಿದೆ ಅನ್ನುವ ಸ್ಟೇಟಸ್, ಬಂದಾಗಲೂ ಹೀಗೆ ಕಳಿಸಬಹುದಾ? ‘ಕಳಿಸಬಾರದು’ ಅಂತ ಆ ವಾಕ್ಯದಲ್ಲಿ ಇಲ್ಲವಲ್ಲ? ನಮ್ಮ ಹುಡುಗಿ ನನ್ನ ಜೊತೆ ವಾದ ಮಾಡಿದ್ದೂ ಇದನ್ನೇ. ಒಳ್ಳೆ ವಾದವೇ.

ಉತ್ತರ ಆ ವಾಕ್ಯದಲ್ಲಿ ಇಲ್ಲ, ಮೂರು ಭಾಗ ಹಿಂದೆ ಇದೆ. ಸ್ಟೇಟಸ್ 02, ಅಂದರೆ ಚೆಕ್ ಕಂಡಿಷನ್ ಆಗಿದ್ದರೆ, ಡೇಟಾ ಸೆಗ್ಮೆಂಟಿನಲ್ಲಿ ಸೆನ್ಸ್ ಡೇಟಾ ಇರಲೇಬೇಕು ಅಂತ ದೊಡ್ಡಕ್ಷರದ ಮಸ್ಟ್ ರೆಸ್ಪಾನ್ಸ್ ಭಾಗದಲ್ಲಿದೆ. ಡೇಟಾ-ಇನ್ ಪಿಡಿಯುವಿನ ಡೇಟಾ ಸೆಗ್ಮೆಂಟಿನಲ್ಲಿ ಇರುವುದು ಡಿಸ್ಕಿನಿಂದ ಓದಿದ ಡೇಟಾ. ಸೆನ್ಸಿಗೆ ಅಲ್ಲಿ ಜಾಗ ಇಲ್ಲ. ಎರಡು ವಾಕ್ಯ ಒಟ್ಟಿಗೆ ಇಟ್ಟರೆ ಆಯಿತು: 02 ಅನ್ನು ಡೇಟಾ-ಇನ್ ಜೊತೆ ಕಳಿಸಲಿಕ್ಕೆ ದಾರಿಯೇ ಇಲ್ಲ. ಮೊದಲ ವಾಕ್ಯದ ‘ಕ್ಯಾನ್’ ಮಿತಿಯೇ ಹೊರತು ಸುಮ್ನೆ ಮಾತಲ್ಲ.

ಗೊಂದಲದ ನಿಯಮ ಬಿಡಿಸಲಿಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ. ಒಂದೇ ವಾಕ್ಯವನ್ನು ಹತ್ತು ಸಲ ಓದಿ ಅರ್ಥ ಹಿಂಡಬೇಡಿ. ಆ ಫೀಲ್ಡಿನ ಹೆಸರು ಇನ್ನೆಲ್ಲಿ ಬರುತ್ತದೆ ಅಂತ ಇಡೀ ದಾಖಲೆಯಲ್ಲಿ ಹುಡುಕಿ. ಹೆಚ್ಚಿನ ಸಲ ಎರಡನೇ ವಾಕ್ಯ ಮೊದಲನೆಯದರ ಬಾಯಿ ಮುಚ್ಚಿಸುತ್ತದೆ.

ಆದರೂ ಯಾವುದೋ ಟಾರ್ಗೆಟ್ 25 81 00 02 ಅಂತ ಕಳಿಸಿಯೇ ಬಿಟ್ಟರೆ? ಇಲ್ಲಿ 25 ಡೇಟಾ-ಇನ್, 81ರಲ್ಲಿ ಎಫ್ (ಕೊನೆಯ ತುಂಡು ಅನ್ನುವ ಗುರುತು) ಮತ್ತು ಎಸ್ ಬಿಟ್, 02 ಚೆಕ್ ಕಂಡಿಷನ್. (ಮೂರನೇ ಬೈಟಿಗೆ ಇಲ್ಲಿ ರೆಸ್ಪಾನ್ಸ್ ಕೋಡಿನ ಅರ್ಥ ಇಲ್ಲ, ಅದು ಹಾಗೇ ಬಿಟ್ಟ ಜಾಗ. ನಾಲ್ಕನೆಯದೇ ಸ್ಟೇಟಸ್. ಕಣ್ಣು ತಪ್ಪುವುದು ಸುಲಭ.) ಕಳಿಸಿದವ ತಪ್ಪು ಮಾಡಿದ್ದಾನೆ, ಸರಿ. ಆದರೆ ಅವನು ಹೇಳುತ್ತಿರುವುದು “ಸರಿ ಆಗಲಿಲ್ಲ” ಅಂತ. ಹೇಳಿದ ರೀತಿ ಸರಿ ಇಲ್ಲ ಅಂತ ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಗುಡ್ ಅಂತ ಬರೆದುಕೊಳ್ಳಬಾರದು. ಕಮಾಂಡ್ ಸೋತಿತು ಅಂತಲೇ ಲೆಕ್ಕ ಹಾಕಿ. ಲಿನಕ್ಸ್‌ನಲ್ಲೂ ರೆಸ್ಪಾನ್ಸ್ ಪಿಡಿಯುವಿನಲ್ಲಿ ಚೆಕ್ ಕಂಡಿಷನ್ ಬಂದು, ಡೇಟಾ ಸೆಗ್ಮೆಂಟು ಎರಡು ಬೈಟಿಗಿಂತ ಚಿಕ್ಕದಿದ್ದರೆ, ಟಾರ್ಗೆಟ್ಟೇ ಕೆಟ್ಟದ್ದು ಅಂತ ಎರರ್ ಬೀಳುತ್ತದೆ. ಎರಡೇ ಬೈಟ್ ಯಾಕೆ ಅಂದರೆ ಸೆನ್ಸಿನ ಮುಂದೆ ಅದರ ಉದ್ದ ಹೇಳುವ ಎರಡು ಬೈಟ್ ಇರಬೇಕು.

ಎಸ್ ಬಿಟ್ ಇದ್ದು ಎಫ್ ಬಿಟ್ ಇಲ್ಲದಿದ್ದರೆ? ಅದಕ್ಕೆ ನೇರ ಮಸ್ಟ್ ಇದೆ: ಎಸ್ ಇದ್ದರೆ ಎಫ್ ಇರಲೇಬೇಕು. ಚರ್ಚೆಯೇ ಬೇಡ. ಆದರೆ ಇನಿಶಿಯೇಟರ್ ಏನು ಮಾಡಬೇಕು? ರಿಜೆಕ್ಟ್ ಪಿಡಿಯು ಟಾರ್ಗೆಟ್ ಮಾತ್ರ ಕಳಿಸುವಂಥದ್ದು, ನಿಮ್ಮ ಕೈಯಲ್ಲಿ ಅದಿಲ್ಲ. ಕನೆಕ್ಷನ್ ಕಡಿದು ಮತ್ತೆ ಲಾಗಿನ್ ಆಗುವುದೇ ಸರಳ. ನಾನು ಹಾಗೇ ಬರೆಯಿಸುತ್ತೇನೆ.

ಉಳಿಕೆ ಲೆಕ್ಕ

ಗುಡ್ ಅಂತಲೂ ಬರುತ್ತದೆ, ಅಂಡರ್‌ಫ್ಲೋ ಅಂತಲೂ ಬರುತ್ತದೆ. ಹೊಸಬರು ಇಲ್ಲಿ ಗಾಬರಿ ಬೀಳುತ್ತಾರೆ. ಇನ್‌ಕ್ವೈರಿ ಕಮಾಂಡಿನಲ್ಲಿ 255 ಬೈಟ್ ವರೆಗೆ ಕೊಡು ಅಂತ ಕೇಳಿದಿರಿ. ಟಾರ್ಗೆಟ್ ಹತ್ತಿರ ಇದ್ದದ್ದು 96. ಅದು 96 ಕೊಟ್ಟು, ಅಂಡರ್‌ಫ್ಲೋ ಬಿಟ್ ಹಾಕಿ, ರೆಸಿಡ್ಯುಅಲ್ ಕೌಂಟಿನಲ್ಲಿ 159 ಬರೆಯುತ್ತದೆ. ಸ್ಟೇಟಸ್ ಗುಡ್. ಎಲ್ಲ ಸರಿಯಾಗಿದೆ. ದೊಡ್ಡ ಪಾತ್ರೆ ತೆಗೆದುಕೊಂಡು ಹೋದಿರಿ, ಅರ್ಧ ಪಾತ್ರೆ ಸಾರು ಬಂತು, ಅಷ್ಟೇ.

ಅದೇ ಉಳಿಕೆ ರೀಡ್ ಕಮಾಂಡಿನಲ್ಲಿ ಬಂದರೆ ನನಗೆ ಸಂಶಯ. 512 ಬೈಟಿನ 16 ಬ್ಲಾಕ್, ಅಂದರೆ 8192 ಬೈಟ್ ಕೇಳಿದ್ದೇನೆ. 4096 ಉಳಿಕೆ ಅಂತ ಹೇಳಿ ಗುಡ್ ಅಂದರೆ? ಉಳಿದ ಅರ್ಧ ಎಲ್ಲಿ ಹೋಯಿತು? ನಿಯಮ ಇಲ್ಲಿ ‘ತಪ್ಪು’ ಅಂತ ಬೊಬ್ಬೆ ಹಾಕುವುದಿಲ್ಲ. ಆದರೆ ಸಿಕ್ಕಿದ 4096ರ ಆಚೆ ಬಫರಿನಲ್ಲಿ ಇರುವುದು ಹಳೇ ಕಸ. ಅದನ್ನು ಡೇಟಾ ಅಂತ ಮೇಲಕ್ಕೆ ಕೊಟ್ಟರೆ ತಪ್ಪು ನಿಮ್ಮದು.

ಎಷ್ಟರಿಂದ ಎಷ್ಟು ಕಳೆಯಬೇಕು ಅನ್ನುವುದರಲ್ಲೇ ಮೊದಲು ಗೊಂದಲ ಇತ್ತು. 5048 ಅದಕ್ಕೊಂದು ಹೆಸರು ಕೊಟ್ಟಿತು. ಸ್ಕಸಿ ಪದರ ಕೆಳಗಿನ ಐಸ್ಕಸಿ ಪದರಕ್ಕೆ ‘ಇಷ್ಟು ಇದೆ’ ಅಂತ ಒಪ್ಪಿಸಿದ ಉದ್ದ ಒಂದು. ಇನಿಶಿಯೇಟರ್ ‘ಇಷ್ಟು ಬರಬಹುದು’ ಅಂತ ಕಮಾಂಡಿನಲ್ಲಿ ಹೇಳಿದ ಉದ್ದ ಇನ್ನೊಂದು. ಇವೆರಡರ ವ್ಯತ್ಯಾಸವೇ ಉಳಿಕೆ. ಒಪ್ಪಿಸಿದ್ದು ಕಡಿಮೆ ಇದ್ದರೆ ಅಂಡರ್‌ಫ್ಲೋ, ಜಾಸ್ತಿ ಇದ್ದರೆ ಓವರ್‌ಫ್ಲೋ. ಎರಡೂ ಬಿಟ್ ಒಟ್ಟಿಗೆ ಬಂದರೆ ಪ್ರೋಟೋಕಾಲ್ ಎರರ್. ಎರಡೂ ಇಲ್ಲದಿದ್ದರೆ ಆ ಕೌಂಟಿನಲ್ಲಿ ಏನೇ ಸಂಖ್ಯೆ ಇರಲಿ, ನೋಡಲಿಕ್ಕೇ ಹೋಗಬೇಡಿ.

ಮುಂದೆ ಹೋಗದ ನಂಬರ್

ಇನ್ನೊಂದು ಕತೆ, ಸ್ವಲ್ಪ ನಾಚಿಕೆಯದ್ದು. ಟಾರ್ಗೆಟ್ ಕಳಿಸುವ ಪ್ರತಿ ಸ್ಟೇಟಸ್ಸಿಗೂ ಸ್ಟ್ಯಾಟ್‌ಎಸ್‌ಎನ್ ಅನ್ನುವ ಕ್ರಮಸಂಖ್ಯೆ ಇರುತ್ತದೆ. ಕನೆಕ್ಷನ್ನಿಗೆ ಒಂದು ಸಾಲು. ಒಂದು ಬಿಟ್ಟುಹೋದರೆ ಒಂದು ಉತ್ತರ ಕಳೆದುಹೋಯಿತು ಅಂತ. ಇದನ್ನು ಪರೀಕ್ಷಿಸುವ ಸ್ಕ್ರಿಪ್ಟ್ ಬರೆದೆ. ಒಂದೇ ನಂಬರ್ ಎರಡು ಸಲ ಬಂದರೆ ಕೆಂಪು ಸಾಲು ಬರುವ ಹಾಗೆ ಮಾಡಿದೆ. ಓಡಿಸಿದೆ. ಪರದೆ ಇಡೀ ಕೆಂಪು.

ಸಂಬಂಧಪಟ್ಟವರಿಗೆ ಖಾರವಾಗಿ ಒಂದು ಮೈಲ್ ಬರೆದು ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಕರೆಂಟು ಹೋಯಿತು. ಮಳೆಗಾಲಕ್ಕೆ ಥ್ಯಾಂಕ್ಸ್. ಕರೆಂಟು ಬರುವವರೆಗೆ ಮೊಬೈಲಿನಲ್ಲಿ ಆರ್2ಟಿಯ ಭಾಗ ಓದುತ್ತಾ ಕೂತೆ. “ಡೇಟಾ ಕಳಿಸು” ಅಂತ ಟಾರ್ಗೆಟ್ ಕೇಳುವ ಆ ಪಿಡಿಯುವಿನಲ್ಲೂ ಸ್ಟ್ಯಾಟ್‌ಎಸ್‌ಎನ್ ಇರುತ್ತದೆ. ಆದರೆ ಅದು ‘ಮುಂದೆ ಬರಲಿರುವ ನಂಬರ್’. ಅದನ್ನು ಕಳಿಸಿದ ಮೇಲೆ ಲೆಕ್ಕ ಮುಂದೆ ಹೋಗುವುದಿಲ್ಲ. ಹಾಗಾಗಿ ಮುಂದಿನ ರೆಸ್ಪಾನ್ಸಿನಲ್ಲಿ ಅದೇ ನಂಬರ್ ಮತ್ತೆ ಬಂದೇ ಬರುತ್ತದೆ. ಟಾರ್ಗೆಟ್ ತಾನಾಗಿ “ಇದ್ದೀಯಾ?” ಅಂತ ಕೇಳುವ ನಾಪ್-ಇನ್ ಕೂಡ ಹಾಗೆ. ಅದೇ ನಾಪ್-ಇನ್ ನಿಮ್ಮ ನಾಪ್-ಔಟ್‌ಗೆ ಉತ್ತರವಾಗಿ ಬಂದಿದ್ದರೆ ಮಾತ್ರ ಲೆಕ್ಕ ಮುಂದೆ ಹೋಗುತ್ತದೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಇನಿಶಿಯೇಟರ್ ಟಾಸ್ಕ್ ಟ್ಯಾಗ್, ಅಂದರೆ ಕೇಳಿದವ ಹಾಕಿದ ಗುರುತು ಸಂಖ್ಯೆ, ನೋಡಿ. 32 ಬಿಟ್ಟೂ 1 ಇದ್ದರೆ ತಾನಾಗಿ ಕೇಳಿದ್ದು. ಇನ್ನು ಎಸ್ ಬಿಟ್ ಇಲ್ಲದ ಡೇಟಾ-ಇನ್‌ನಲ್ಲಿ ಆ ಜಾಗಕ್ಕೆ ಅರ್ಥವೇ ಇಲ್ಲ.

ಆ ಮೈಲು ಇವತ್ತಿಗೂ ನನ್ನ ಡ್ರಾಫ್ಟಿನಲ್ಲಿದೆ. ಅಳಿಸಲಿಲ್ಲ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಬ್ಯುಸಿ (08) ಮತ್ತು ಟಾಸ್ಕ್ ಸೆಟ್ ಫುಲ್ (28) ಬಂದರೆ ಸ್ವಲ್ಪ ತಡೆದು ಮತ್ತೆ ಕಳಿಸಿ. ರಿಸರ್ವೇಶನ್ ಕಾನ್‌ಫ್ಲಿಕ್ಟ್ (18) ಬಂದರೆ ಕಣ್ಣುಮುಚ್ಚಿ ಮತ್ತೆ ಮತ್ತೆ ಕಳಿಸಬೇಡಿ, ಡಿಸ್ಕನ್ನು ಬೇರೊಬ್ಬರು ಹಿಡಿದುಕೊಂಡಿದ್ದಾರೆ. ಲಾಗಿನ್ ಉತ್ತರದಲ್ಲಿ ಎರಡು ಬೈಟ್ ಇರುತ್ತವೆ, ಮೊದಲನೆಯದು ವರ್ಗ, ಎರಡನೆಯದು ವಿವರ. ವಿವರ ಗೊತ್ತಿಲ್ಲದ ನಂಬರ್ ಆದರೂ ವರ್ಗ ನೋಡಿ ನಡೆಯಬಹುದು. 1 ಅಂದರೆ ಬೇರೆ ವಿಳಾಸಕ್ಕೆ ಹೋಗು, 2 ಅಂದರೆ ತಪ್ಪು ನಿನ್ನದು, 3 ಅಂದರೆ ತಪ್ಪು ನನ್ನದು, ಆಮೇಲೆ ಬಾ.

ಎರಡು ಅರ್ಥವೂ ಸರಿ ಅನಿಸಿದರೆ

ಕೆಲವು ಸಲ ಎಲ್ಲ ಹುಡುಕಿದರೂ ಎರಡು ಓದು ಉಳಿದುಬಿಡುತ್ತವೆ. ಆಗ ನಾನು ಕೇಳುವ ಪ್ರಶ್ನೆ ಒಂದೇ. ನನ್ನ ಓದು ತಪ್ಪಾದರೆ ಹೋಗುವುದು ಸಮಯವಾ, ಡೇಟಾವಾ? ಗುಡ್ ಆಗಿದ್ದನ್ನು ಸೋತಿತು ಅಂದುಕೊಂಡರೆ ಕಮಾಂಡನ್ನು ಮತ್ತೊಮ್ಮೆ ಕಳಿಸಬೇಕು, ಅಷ್ಟು ಹೊತ್ತು ಹೋಯಿತು. ಸೋತದ್ದನ್ನು ಗುಡ್ ಅಂದುಕೊಂಡರೆ ಯಾರದ್ದೋ ಮದುವೆ ಫೋಟೊ ಹೋಯಿತು. ಸಮಯ ಹೋಗುವ ಕಡೆಗೇ ವಾಲುತ್ತೇನೆ. ಕಳಿಸುವಾಗ ಬಿಗಿ ಇರು, ತೆಗೆದುಕೊಳ್ಳುವಾಗ ಸಡಿಲ ಇರು ಅಂತ ಇಂಟರ್ನೆಟ್ಟಿನ ಹಿರಿಯರು ಹೇಳುತ್ತಾ ಬಂದಿದ್ದಾರೆ. ರಿಸರ್ವ್ಡ್ ಬಿಟ್‌ಗಳ ಮಟ್ಟಿಗೆ ಅದು ಸರಿ, ಅಲ್ಲಿ ಏನೇ ಬಂದರೂ ಕಡೆಗಣಿಸಿ. ಆದರೆ ಸ್ಟೇಟಸ್ ವಿಷಯದಲ್ಲಿ ನನಗೆ ಆ ಧಾರಾಳತನ ಆಗಿಬರುವುದಿಲ್ಲ.

ಹೀಗೆ ತೀರ್ಮಾನ ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಯಮದ ಭಾಗದ ನಂಬರ್, ಎರಡೂ ಓದು, ನೀವು ಆರಿಸಿದ್ದು, ಯಾಕೆ. ಆರು ತಿಂಗಳ ನಂತರ ಯಾರಾದರೂ “ಇದನ್ನು ಯಾಕೆ ಹೀಗೆ ಮಾಡಿದ್ದು?” ಅಂತ ಕೇಳಿದಾಗ ಸುಮ್ನೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ. ಕೇಳುವವರು ಹೆಚ್ಚಿನ ಸಲ ನೀವೇ ಆಗಿರುತ್ತೀರಿ.

ಬರೆದದ್ದನ್ನು ಪರೀಕ್ಷಿಸಿ ಕೂಡ. ನನ್ನ ಹತ್ತಿರ ಪೈಥಾನಿನಲ್ಲಿ ಬರೆದ ಒಂದು ಚಿಕ್ಕ ಪ್ರಾಕ್ಸಿ ಇದೆ. ಇನಿಶಿಯೇಟರ್ ಮತ್ತು ಟಾರ್ಗೆಟ್ ನಡುವೆ ಕೂತು, ಬರುವ ಉತ್ತರದಲ್ಲಿ ನಾನು ಹೇಳಿದ ಒಂದು ಬೈಟ್ ಬದಲಿಸಿ ಕಳಿಸುತ್ತದೆ. ಪಿಡಿಯುವಿನ ಮೂಲ ಹೆಡರ್ 48 ಬೈಟ್, ಸ್ಟೇಟಸ್ ಮೊದಲ ನಾಲ್ಕರಲ್ಲೇ ಇರುವುದರಿಂದ ಕೆಲಸ ಸುಲಭ. ಆದರೆ ಒಂದು ಪ್ಯಾಕೆಟಿನ ನಡುವೆಯೇ ಹೊಸ ಪಿಡಿಯು ಶುರುವಾಗಬಹುದು. ಹಾಗಾಗಿ ಲಾಗಿನ್‌ನಿಂದಲೇ ಉದ್ದ ಲೆಕ್ಕ ಹಾಕುತ್ತಾ ಬರಬೇಕು. ಕ್ಯಾಪ್ಚರನ್ನೂ ಲಾಗಿನ್‌ಗಿಂತ ಮೊದಲೇ ಶುರು ಮಾಡಿ. ಹೆಡರ್ ಡೈಜೆಸ್ಟ್, ಅಂದರೆ ಹೆಡರಿನ ಚೆಕ್‌ಸಮ್, ಬೇಡ ಅಂತ ಸೆಟ್ ಮಾಡಿಕೊಳ್ಳಿ. ಇಲ್ಲದಿದ್ದರೆ ಬೈಟ್ ಬದಲಿಸಿದ ಕೂಡಲೇ ಚೆಕ್‌ಸಮ್ ತಪ್ಪಿ, ನೀವು ಪರೀಕ್ಷಿಸಬೇಕೆಂದದ್ದು ಬಿಟ್ಟು ಇನ್ನೇನೋ ಪರೀಕ್ಷೆ ಆಗುತ್ತದೆ. ಖಾಲಿ ಡಿಸ್ಕಿನ ಮೇಲೆಯೇ ಮಾಡಿ, ದಯವಿಟ್ಟು.

ಮೊದಲು 21 80 01 00 ಕಳಿಸಿ ನೋಡಿ. ಆಮೇಲೆ 25 81 00 02. ಎರಡಕ್ಕೂ ಫೈಲ್ ಕಾಪಿ ಎರರ್ ಕೊಟ್ಟು ನಿಂತರೆ, ಅಥವಾ ಕಮಾಂಡು ಮತ್ತೆ ಹೋದದ್ದು ಕ್ಯಾಪ್ಚರಿನಲ್ಲಿ ಕಂಡರೆ, ಸರಿ ಇದೆ. ಏನೂ ಆಗದವರ ಹಾಗೆ ನೂರು ಪರ್ಸೆಂಟ್ ಅಂತ ಮುಗಿದರೆ ನಿಮ್ಮ ಕೋಡನ್ನು ತೆರೆಯಿರಿ. ನಮ್ಮ ಹುಡುಗಿಯ ಕೋಡು ಮೊದಲನೆಯದರಲ್ಲಿ ನಿಂತಿತು, ಎರಡನೆಯದರಲ್ಲಿ ನೂರಕ್ಕೆ ಹೋಯಿತು. “ಅಕ್ಕ, ಅದು ಆಯ್ತು ಅಂತ ತೋರಿಸ್ತಿದೆ” ಅಂದಳು. ಆಮೇಲೆ ಅವಳೇ ನಕ್ಕು, ಆ ಫಂಕ್ಷನ್ ತೆರೆದು ಕೂತಳು.